ಜಕಣಾಚಾರಿ ಇದ್ದನೋ ಇಲ್ಲವೋ?

ದೇವಾಲಯ ವಾಸ್ತುವಿನ ಇತಿಹಾಸ ನನ್ನ ಸಂಶೋಧನೆಯ ವಿಷಯ, ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಪಾಠ ಮಾಡುವುದೂ ಅದನ್ನೇ ಎಂದು ಹೇಳಿ ಮುಗಿಸುವಷ್ಟರಲ್ಲಿ ಪ್ರಶ್ನೆ ಬಂದಿರುತ್ತದೆ: ‘ಹಾಗಾದರೆ ಹೇಳಿ, ಜಕಣಾಚಾರಿ ನಿಜವಾಗಿಯೂ ಇದ್ದನೇ?’ ಮದುವೆ ಮನೆ, ರೈಲು, ದಂತವೈದ್ಯರ ಕುರ್ಚಿ, ಯಾವುದೂ ಇದಕ್ಕೆ ಹೊರತಲ್ಲ. (ಬಾಯಿ ತೆರೆದು ಮಲಗಿದವಳು ಉತ್ತರಿಸುವುದು ಹೇಗೆಂದು ಆ ವೈದ್ಯರು ಯೋಚಿಸಿದಂತಿರಲಿಲ್ಲ.) ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಬೇಲೂರು, ಹಳೇಬೀಡು, ಸೋಮನಾಥಪುರ ಎಲ್ಲವನ್ನೂ ಕೆತ್ತಿದ ಒಬ್ಬ ಜಕಣಾಚಾರಿಗೆ ಶಾಸನದ ಆಧಾರವಿಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಸೋಮನಾಥಪುರದ ಕೇಶವನದು 1258ರಲ್ಲಿ. ಎರಡೂ ಕಡೆ ಒಬ್ಬನೇ ಉಳಿ ಹಿಡಿದಿದ್ದರೆ ಆತ ನೂರೈವತ್ತು ದಾಟಿ ಬದುಕಿರಬೇಕು, ಅದೂ ಕಣ್ಣು ಮಂಜಾಗದೆ. ಕಥೆಯೇ ಬೇಡವೆನ್ನುತ್ತಿಲ್ಲ. ದೋಷವಿದೆ ಎಂದು ಮಗ ಡಂಕಣ ಹೇಳಿದ ವಿಗ್ರಹಕ್ಕೆ ಬಳಿದ ಗಂಧ ಎಲ್ಲೆಡೆ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿದದ್ದು, ಅಲ್ಲಿ ಉಳಿ ತಾಗಿಸಿದಾಗ ನೀರು, ಕಪ್ಪೆ ಹೊರಬಿದ್ದದ್ದು, ಆಡಿದ ಮಾತಿಗೆ ಕಟ್ಟುಬಿದ್ದು ತಂದೆ ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಎಲ್ಲವನ್ನೂ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವಳೇ ನಾನೂ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಒಮ್ಮೆ ಕಾಲೇಜೊಂದರಲ್ಲಿ ಹೊಯ್ಸಳ ರೂವಾರಿಗಳ, ಅಂದರೆ ಶಿಲ್ಪಿಗಳ, ಸಹಿಗಳ ಮೇಲೆ ಉಪನ್ಯಾಸ ಕೊಟ್ಟೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದ ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ಚೌಡೆಯ, ನಂಜೆಯ. ಕಲ್ಲಿನಲ್ಲಿ ಕೊರೆದ ಆ ಹೆಸರುಗಳನ್ನು ಪರದೆ ತುಂಬ ದೊಡ್ಡದು ಮಾಡಿ ಒಂದೊಂದಾಗಿ ಓದಿ ತೋರಿಸಿದೆ. ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ‘ಎಲ್ಲ ಚೆನ್ನಾಗಿತ್ತು ಮೇಡಂ, ಆದರೆ ಶಿಲ್ಪಿಯ ವಿಷಯ ಹೇಳಲೇ ಇಲ್ಲವಲ್ಲ’ ಎಂದರು. ಆ ಸಂಜೆಯ ಜೋರು ಚಪ್ಪಾಳೆ ಬಿದ್ದದ್ದು ಅವರಿಗೇ. ಹೆಸರು ಕೆತ್ತಿಟ್ಟು ಹೋದವರು ಯಾರಿಗೂ ಬೇಡ. ಹೆಸರೇ ಸಿಗದವನು ಮಾತ್ರ ಎಲ್ಲರಿಗೂ ಬೇಕು!

ಬೇಲೂರಿನ ಗುಡಿಯೊಳಗೆ ಇಷ್ಟು ಕತ್ತಲೇಕೆ ಎಂದು ಯಾರಾದರೂ ಕೇಳಬಾರದೇ? ಯಾರೂ ಕೇಳದ್ದರಿಂದ ವಿದ್ಯಾರ್ಥಿಗಳನ್ನು ಅಲ್ಲಿ ನಿಲ್ಲಿಸಿ ನಾನೇ ಕೇಳುತ್ತೇನೆ. ‘ಭಕ್ತಿ ಹುಟ್ಟಲಿ ಎಂದು’ ಎನ್ನುತ್ತಾರೆ. ಮೊಬೈಲ್ ಜೇಬಿಗಿಟ್ಟು ಹೊರಸಾಲಿನ ಕಂಬಗಳನ್ನು ನೋಡಿ ಎನ್ನುತ್ತೇನೆ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ, ಕಂಬ ಕಂಬದ ನಡುವೆ ಜಾಲಂಧ್ರಗಳನ್ನು, ಅಂದರೆ ತೂತು ತೂತಿನ ಕಲ್ಲಿನ ಪರದೆಗಳನ್ನು, ತಂದು ಕೂರಿಸಿರುವುದು ಒಬ್ಬೊಬ್ಬರಿಗೇ ಹೊಳೆಯುತ್ತದೆ. ವಿಷ್ಣುವರ್ಧನ ಕಟ್ಟಿಸಿದಾಗ ಗರ್ಭಗುಡಿಯ ಮುಂದಿನ ಈ ಮಂಟಪ, ನವರಂಗ, ತೆರೆದೇ ಇತ್ತು. ಜಾಲಂಧ್ರಗಳು ಬಂದದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಅಲ್ಲಿಯವರೆಗಿನವರು ತಿರುಗಣೆಯಲ್ಲಿ ಕಡೆದ ಆ ಕಂಬಗಳ ಮಿರುಗನ್ನು ಹಗಲು ಬೆಳಕಿನಲ್ಲೇ ನೋಡಿದ್ದರು. ನಾವು ದುಡ್ಡು ಕೊಟ್ಟು ಯಾರದೋ ಟಾರ್ಚಿನಲ್ಲಿ ನೋಡುತ್ತೇವೆ. ತೆರೆದ ಮಂಟಪವನ್ನು ಮುಚ್ಚಬೇಕೆಂದು ಯಾಕೆ ಅನ್ನಿಸಿತು, ಮುಚ್ಚಿದ ಮೇಲೆ ಒಳಗಿನ ಕುಣಿತ, ಪೂಜೆ, ಓಡಾಟ ಹೇಗೆ ಬದಲಾಯಿತು, ಇಂಥವನ್ನು ತಲೆಯಲ್ಲಿಟ್ಟುಕೊಂಡು ಅಳತೆಪಟ್ಟಿ ಹಿಡಿದು ಅಲೆಯುವುದೇ ನನ್ನ ಉದ್ಯೋಗ.

ಅದಕ್ಕೂ ಸಂಬಳ ಕೊಡುತ್ತಾರೆಯೇ ಎಂಬುದು ಎರಡನೆಯ ಪ್ರಶ್ನೆ. ಕೊಡುತ್ತಾರೆ. ಮದನಿಕೆಗಳಿಗೆ ಶಾಂತಲೆಯೇ ರೂಪದರ್ಶಿಯಾಗಿದ್ದಳೇ ಎಂಬುದು ಮೂರನೆಯದು. ಅದನ್ನು ಇವತ್ತು ನಾನು ಮುಟ್ಟುವುದಿಲ್ಲ.