ಸೂಜಿ ಚುಚ್ಚುವುದು ಇಂಜೆಕ್ಷನ್ ಮುಗಿದ ಮೇಲೆ

ಸೂಜಿ ಚುಚ್ಚಿದ ಗಾಯಗಳಲ್ಲಿ ದೊಡ್ಡ ಪಾಲು ಇಂಜೆಕ್ಷನ್ ಕೊಟ್ಟಾದ ಮೇಲೆ, ಬಳಸಿದ ಸೂಜಿ ಹಾಕುವ ಡಬ್ಬಕ್ಕೆ ಅದು ಬೀಳುವ ಮುನ್ನ ಆಗುವಂಥವು. ಕ್ಯಾಪ್ ಮತ್ತೆ ಹಾಕಲು ಹೋದಾಗ, ಟ್ರೇಯ ಹತ್ತಿಯಡಿ ಸೂಜಿ ಉಳಿದಾಗ, ಕಸದ ಚೀಲ ಎತ್ತಿದಾಗ. ಕೊನೆಯದಕ್ಕೆ ಬಲಿಯಾಗುವವರು ಆ ಸೂಜಿಯನ್ನು ಮುಟ್ಟಿಯೇ ಇರದ ಸ್ವಚ್ಛತಾ ಸಿಬ್ಬಂದಿ. ಇದು ನನಗೆ ಸಹಿಸಲಾಗದ ಅನ್ಯಾಯ.

ಆದ್ದರಿಂದ ವಾರ್ಡಿಗೆ ಹೋದರೆ ಮೊದಲು ಡಬ್ಬ ಎಲ್ಲಿದೆ ನೋಡಿ. ಗಟ್ಟಿ, ಸೂಜಿ ತೂರದ ಡಬ್ಬ, ಇಂಜೆಕ್ಷನ್ ಕೊಡುವ ಜಾಗದಲ್ಲೇ, ಕೈಗೆಟುಕುವಂತೆ, ಡಬ್ಬದ ಬಾಯಿ ಕಣ್ಣಿಗೆ ಕಾಣುವ ಎತ್ತರದಲ್ಲಿ ಇರಬೇಕು. ಮುಕ್ಕಾಲು ತುಂಬಿದೊಡನೆ ಮುಚ್ಚಿ ಬದಲಿಸಬೇಕು. ಅದಕ್ಕಿಂತ ಹೆಚ್ಚು ತುಂಬಿದರೆ ಒಳಗಿನ ಸೂಜಿಯೇ ಹೊರಗೆ ಚಾಚಿ ಚುಚ್ಚುತ್ತದೆ. ಕ್ಯಾಪ್ ಹಾಕಲೇಬೇಕಾದ ಅಪರೂಪದ ಸಂದರ್ಭದಲ್ಲಿ ಕ್ಯಾಪನ್ನು ಮೇಜಿನ ಮೇಲಿಟ್ಟು, ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳಿ. ಇನ್ನೊಂದು ಕೈ ಹತ್ತಿರ ಬರಬಾರದು.

ಗ್ಲೌಸ್ ಸೂಜಿಯನ್ನು ತಡೆಯದು. ಆದರೂ ಸೂಜಿ ಹಾದುಹೋಗುವಾಗ ಅದರ ಹೊರಮೈಯ ರಕ್ತವನ್ನು ಸ್ವಲ್ಪ ಒರೆಸಿಬಿಡುತ್ತದೆ, ಅಷ್ಟಕ್ಕೂ ಬೆಲೆಯಿದೆ. ರಕ್ತ ಸಿಡಿಯುವ ಕೆಲಸವಾದರೆ ಕನ್ನಡಕವೂ ಮಾಸ್ಕೂ ಬೇಕು.

ಲಸಿಕೆ ಪಡೆಯದವರಿಗೆ ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 6ರಿಂದ 30%. ಎಚ್‌ಐವಿಗೆ ಅದು ಸುಮಾರು 0.3%. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಉಳಿಯಬಲ್ಲದು. ಲಸಿಕೆ 0, 1, 6ನೇ ತಿಂಗಳಲ್ಲಿ ಮೂರು ಡೋಸ್. ಕೊನೆಯ ಡೋಸಿನ 1-2 ತಿಂಗಳ ನಂತರ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ, ಅದು ಮಿಲಿಲೀಟರಿಗೆ 10 ಮಿಲಿಯೂನಿಟ್‌ಗಿಂತ ಕಡಿಮೆಯಿದ್ದರೆ ರಕ್ಷಣೆ ಸಿಕ್ಕಿಲ್ಲವೆಂದೇ ತಿಳಿಯಬೇಕು. ಈ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು.

ಚುಚ್ಚಿದರೆ ಸೋಪು, ಹರಿಯುವ ನೀರಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ, ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ) ಹಾಕಬೇಡಿ. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಅಥವಾ ಸಲೈನ್ ಹರಿಸಿ. ಆಮೇಲೆ ತಕ್ಷಣ ವರದಿ ಮಾಡಿ: ಎಚ್‌ಐವಿ ತಡೆಯುವ ಔಷಧ ಸಾಧ್ಯವಾದಷ್ಟು ಬೇಗ, 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವವರು ಈ ಗಂಟೆಗಳನ್ನೇ ಕಳೆದುಕೊಳ್ಳುತ್ತಾರೆ. ಹೆದರಿಸುವ ಮೇಲಧಿಕಾರಿಯೇ ಇಲ್ಲಿ ಅಪಾಯ.

ನೆಲಕ್ಕೆ ರಕ್ತ ಚೆಲ್ಲಿದರೆ ಮೊದಲು ಗ್ಲೌಸ್ ಧರಿಸಿ, ಗಾಜಿನ ಚೂರುಗಳನ್ನು ಚಿಮಟದಿಂದ ಎತ್ತಿ, ಹೀರುವ ಕಾಗದದಿಂದ ಒತ್ತಿ ತೆಗೆಯಿರಿ. ಏಕೆಂದರೆ ರಕ್ತ ಹೆಚ್ಚಿದ್ದರೆ ಹೈಪೋದ ಕ್ಲೋರಿನ್ ಅದರಲ್ಲೇ ಖರ್ಚಾಗಿಹೋಗಿ ಕೆಲಸ ಮಾಡದು. ನಂತರ 1% ಹೈಪೋ (5% ದ್ರಾವಣ ಒಂದು ಪಾಲು, ನೀರು ನಾಲ್ಕು ಪಾಲು) ಅಂಚಿನಿಂದ ನಡುವಿಗೆ ಸುರಿದು ಕನಿಷ್ಠ 10 ನಿಮಿಷ ಬಿಡಿ. ದ್ರಾವಣವನ್ನು ದಿನವೂ ಹೊಸದಾಗಿ ಬೆರೆಸಿ. ಮೂತ್ರದ ಮೇಲೆ ಮಾತ್ರ ನೇರವಾಗಿ ಹೈಪೋ ಸುರಿಯಬೇಡಿ, ವಿಷಾನಿಲ ಏಳುತ್ತದೆ. ಮೊದಲು ಹೀರಿಸಿ ತೊಳೆಯಿರಿ.