"ಹಿಂದಿ ಬರುತ್ತಲ್ಲ, ನೇಪಾಳಿ ಯಾಕೆ?" – ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ

ಮುಕ್ತಿನಾಥ ಯಾತ್ರೆಗೋ ಅನ್ನಪೂರ್ಣಾ ಚಾರಣಕ್ಕೋ ಹೊರಟವರಿಗೆ ಆಟಗಳ ಮೂಲಕ ನೇಪಾಳಿ ಹೇಳಿಕೊಡುವಾಗ ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ: "ಹಿಂದಿ ಬರುತ್ತಲ್ಲ, ಸಾಲದಾ? ಅದೂ ಈ ವಯಸ್ಸಲ್ಲಿ ಆಟ ಆಡಿಸಿದ್ರೆ ಭಾಷೆ ಬರುತ್ತಾ?"

ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಕಠ್ಮಂಡುವಿನ ಪ್ರವಾಸಿ ಪೇಟೆ ಥಮೇಲ್‌ನಲ್ಲಿ, ಗಡಿಯ ಪಕ್ಕದ ತರಾಯಿ ಊರುಗಳಲ್ಲಿ ಹಿಂದಿ ಸಾಕು. ಪಶುಪತಿನಾಥದ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು; ಅಲ್ಲಿ ಕನ್ನಡವೇ ನಡೆದೀತು. ಗುಡ್ಡ ಹತ್ತಿದ ಮೇಲಿನ ಮಾತು ಬೇರೆ. 2021ರ ನೇಪಾಳ ಜನಗಣತಿಯಲ್ಲಿ ದಾಖಲಾದ ಮಾತೃಭಾಷೆಗಳು 124. ಥಕಾಲಿ, ಗುರುಂಗ್, ಶೆರ್ಪಾ ಮಾತಾಡುವ ಎಷ್ಟೋ ಮನೆಗಳಲ್ಲಿ ನೇಪಾಳಿಯೇ ಎರಡನೇ ಭಾಷೆ. ಅಂಥ ಕಡೆ ನಿಮ್ಮ ಮೂರು ಪದದ ನೇಪಾಳಿ ವಾಕ್ಯವನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ನಿಜವಾದ ಕಾರಣ ಇನ್ನೊಂದಿದೆ. ಹಿಂದಿಯ ದಾರಿಯಲ್ಲಿ ನೇಪಾಳಿಗೆ ಹೋದವರು ಎಡವುವ ಜಾಗಗಳಲ್ಲೇ ಕನ್ನಡದ ದಾರಿಯಲ್ಲಿ ಹೋದವರು ಸಲೀಸಾಗಿ ದಾಟುತ್ತಾರೆ. ಪದಗಳು ಹಿಂದಿಗೆ ಹತ್ತಿರ, ನಿಜ. ಆದರೆ ಮಾತಿನ ವರಸೆ ಎಷ್ಟೋ ಕಡೆ ನಮ್ಮದೇ. ಎದುರು ಸಿಕ್ಕವರನ್ನು ನೇಪಾಳದಲ್ಲಿ "ಖಾನಾ ಖಾನು ಭಯೋ?" ಎಂದು ಕೇಳುತ್ತಾರೆ. ಊಟ ಆಯ್ತಾ? ಭಯೋ ಅಂದರೆ 'ಆಯ್ತು'. ಬಡಿಸುವವರ ಕೈ ತಡೆದು "ಭಯೋ ಭಯೋ" ಅಂದರೆ 'ಆಯ್ತು, ಸಾಕು'. "ಹುನ್ಛ" ಅಂದರೆ ಆಗುತ್ತೆ, "ಹುಂದೈನ" ಅಂದರೆ ಆಗಲ್ಲ. ಧನ್ಯವಾದ್ ಎಂಬ ಪದ ಅವರಲ್ಲೂ ಇದೆ. ನಮ್ಮಲ್ಲಿ ಹೇಗೋ ಹಾಗೆ, ಭಾಷಣದಲ್ಲಿ ಹೆಚ್ಚು, ಅಡುಗೆಮನೆಯಲ್ಲಿ ಕಡಿಮೆ.

ಇನ್ನು ಆಟದ ವಿಷಯ, ಹೇಳಿಕೊಡುವವರಿಗಾಗಿ. ತೊಂಬತ್ತು ನಿಮಿಷದ ಆರು ತರಗತಿ, ಎಂಟರಿಂದ ಹನ್ನೆರಡು ಜನ, ಒಂದು ತರಗತಿಗೆ ಹದಿನೈದಕ್ಕಿಂತ ಹೆಚ್ಚು ಹೊಸ ಪದ ಬೇಡ. ಮೂವತ್ತು ಕೊಟ್ಟರೆ ಮುಂದಿನ ವಾರಕ್ಕೆ ಹತ್ತು ಉಳಿಯುತ್ತವೆ, ಆ ಹತ್ತು ಯಾವುವು ಅನ್ನೋದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಆಟ ಆರಿಸಲು ನಮ್ಮದು ಒಂದೇ ಅಳತೆ: ಆಟದಲ್ಲಿ ಬಾಯಿಂದ ಬರುವ ವಾಕ್ಯ ಅಲ್ಲಿನ ಚಹಾದಂಗಡಿಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಹೇಳುವ ವಾಕ್ಯವೇ ಆಗಿರಬೇಕು. ಪದಬಂಧ, ಅಕ್ಷರ ಜೋಡಿಸುವ ಆಟಗಳು ಈ ಅಳತೆಯಲ್ಲಿ ಸೋಲುತ್ತವೆ. ತರಗತಿಯಲ್ಲಿ ನಗು ಬರುತ್ತೆ, ಊಟ ಬರಲ್ಲ.

ಶುರುವಿಗೆ ಎದ್ದು ಕೂರುವ ಆಟ. ಮಾತಿಗೆ ಮೈಯಿಂದ ಉತ್ತರ ಕೊಡಿಸಿ ಕಲಿಸುವ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ. ನೇಪಾಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ, ಏಕೆಂದರೆ ಪ್ರವಾಸಿಗೆ ಮೊದಲು ಬೇಕಾದದ್ದು 'ನುಸ್'. ಬಸ್ನುಸ್ (ಕೂತ್ಕೊಳ್ಳಿ), ಉಠ್ನುಸ್ (ಏಳಿ), ಆಉನುಸ್ (ಬನ್ನಿ), ಜಾನುಸ್ (ಹೋಗಿ), ದಿನುಸ್ (ಕೊಡಿ), ಹೇರ್ನುಸ್ (ನೋಡಿ), ರೋಕ್ನುಸ್ (ನಿಲ್ಲಿಸಿ), ಖಾನುಸ್ (ತಿನ್ನಿ). ಬರವಣಿಗೆಯಲ್ಲಿ ಇದು 'ನುಹೋಸ್', ಬಾಯಲ್ಲಿ 'ನುಸ್'. ನಮ್ಮ 'ಬನ್ನಿ, ಕೊಡಿ'ಯ 'ಇ' ಮಾಡುವ ಕೆಲಸ ಅಲ್ಲಿ ಇದರದು. ಆಟದ ನಿಯಮ: 'ನುಸ್' ಕೇಳಿದರೆ ಮಾತ್ರ ಅಲುಗಾಡಬೇಕು. ಬರೀ "ಬಸ್!" ಅಂದರೆ ಅದು ಏಕವಚನ, ಕಲ್ಲಿನ ಹಾಗೆ ನಿಲ್ಲಬೇಕು. ಹತ್ತು ನಿಮಿಷದಲ್ಲಿ ಬಹುವಚನ ಕಿವಿಗೆ ಅಂಟಿಕೊಳ್ಳುತ್ತದೆ.

ಐದು ನಿಮಿಷ ಕಳೆದ ಮೇಲೆ ನಿಷೇಧ ಸೇರಿಸಿ: ನಬಸ್ನುಸ್, ನಜಾನುಸ್. ಆಗ ಅರ್ಧ ತರಗತಿ ಕೂತುಬಿಡುತ್ತದೆ! ಕನ್ನಡದ 'ಬೇಡಿ' ಕೊನೆಯಲ್ಲಿ ಬರುತ್ತದೆ, ನಮ್ಮ ಕಿವಿ ಕೊನೆಗೇ ಕಾಯುತ್ತದೆ. ನೇಪಾಳಿಯ 'ನ' ಮೊದಲೇ ಬಂದು ಹೋಗಿರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸುವುದಕ್ಕಿಂತ ಎರಡು ಸಲ ತಪ್ಪಾಗಿ ಕೂರಿಸುವುದು ಮೇಲು. "ಪ್ಯಾಜ್ ಲಸುನ್ ನಹಾಲ್ನುಸ್" (ಈರುಳ್ಳಿ ಬೆಳ್ಳುಳ್ಳಿ ಹಾಕಬೇಡಿ) ಎಂದು ಹೇಳಬೇಕಾದ ಯಾತ್ರಿಕರಿಗೆ ಈ ಒಂದು 'ನ' ತುಂಬಾ ಮುಖ್ಯ.

ಎರಡನೇ ತರಗತಿಯ ಆಟವೇ ಇಡೀ ಕಲಿಕೆಯ ಬೆನ್ನೆಲುಬು, ಇದಕ್ಕೆ ಪೂರ್ತಿ ನಲವತ್ತು ನಿಮಿಷ ಕೊಡಿ. ನೇಪಾಳಿಯಲ್ಲಿ 'ಹೋ' ಮತ್ತು 'ಛ' ಎಂದು ಎರಡಿವೆ. ಹಿಂದಿಯಲ್ಲಿ ಎರಡಕ್ಕೂ 'ಹೈ', ಎರಡಕ್ಕೂ 'ನಹೀಂ'. ಹಾಗಾಗಿ ಹಿಂದಿಯಿಂದ ಬಂದವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಕನ್ನಡದವರಿಗೆ ಒಂದೇ ಸಾಲು ಸಾಕು: ಹೋ-ಹೋಇನ ಅಂದರೆ ಹೌದು-ಅಲ್ಲ, ಛ-ಛೈನ ಅಂದರೆ ಇದೆ-ಇಲ್ಲ. "ಯೋ ಚಿಯಾ ಹೋ?" ಇದು ಚಹಾನಾ? ಹೋ. "ಚಿಯಾ ಛ?" ಚಹಾ ಇದೆಯಾ? ಛ. ಎಲ್ಲ ಪ್ರಶ್ನೆಗೂ ಒಗ್ಗುವ ಒಂದೇ 'ಹಾಂ' ಇಲ್ಲ, ಪ್ರಶ್ನೆಯ ಕ್ರಿಯಾಪದವನ್ನೇ ಹಿಂದಿರುಗಿಸಬೇಕು. ಅದೂ ನಮ್ಮ ಪದ್ಧತಿಯೇ.

ಆಟ ಹೀಗೆ: ಇಬ್ಬರ ಜೋಡಿ. ಒಬ್ಬರು ಸಾಹುನಿ (ಅಂಗಡಿಯಾಕೆ) ಅಥವಾ ಸಾಹುಜಿ, ಇನ್ನೊಬ್ಬರು ಗಿರಾಕಿ. ಗಿರಾಕಿಯ ಚೀಟಿಯಲ್ಲಿ ಹನ್ನೆರಡು ಪದಾರ್ಥ. ಸಾಹುನಿಯ ಚೀಟಿಯಲ್ಲಿ ಅವುಗಳಲ್ಲಿ ಏಳು ಮಾತ್ರ. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣಬಾರದು, ಕಂಡರೆ ಆಟ ಮುಗಿಯಿತು. "ಆಲು ಛ?" "ಛ." "ಅಂಡಾ ಛ?" "ಛೈನ." ಇದ್ದುದರಲ್ಲೇ ಮೂರು ಪದಾರ್ಥದ ಊಟ ಹೇಳಿ ಮುಗಿಸಬೇಕು. ಗಿರಾಕಿ ತಪ್ಪಿ "ಆಲು ಹೋ?" ಎಂದು ಕೇಳಿದರೆ ಸಾಹುನಿ ಸುಮ್ಮನೆ ಮುಖ ನೋಡಬೇಕು, ತಿದ್ದಬಾರದು. ಊಟ ಬರದಿದ್ದಾಗ ತಾನೇ ತಿದ್ದಿಕೊಳ್ಳುತ್ತಾರೆ. ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಿಸಿ. ಬದಲಿಸದಿದ್ದರೆ ಗಂಡ-ಹೆಂಡತಿ ಜೋಡಿಯಾಗಿ ಕೂತು ಕನ್ನಡಕ್ಕೆ ಜಾರುತ್ತಾರೆ.

ಎಣಿಕೆಗೂ ಇದೇ ಚೀಟಿ ಬಳಸಿ. ವಸ್ತುಗಳಿಗೆ ಏಉಟಾ, ದುಇಟಾ, ತೀನ್‌ಟಾ; ಮನುಷ್ಯರಿಗೆ ಏಕ್ ಜನಾ, ದುಇ ಜನಾ. ಎರಡು ಕೋಣೆ ಬೇಕಾದರೆ "ದುಇಟಾ ಕೋಠಾ ಛ?" ಅವರು ಮರುಪ್ರಶ್ನೆ ಹಾಕುತ್ತಾರೆ: "ಕತಿ ಜನಾ?" ಎಷ್ಟು ಜನ? 'ಎರಡು' ಬೇರೆ 'ಇಬ್ಬರು' ಬೇರೆ ಎಂದು ಹುಟ್ಟಿನಿಂದ ಬಲ್ಲವರಿಗೆ ಇದನ್ನು ವ್ಯಾಕರಣವಾಗಿ ಕಲಿಸುವ ಅಗತ್ಯವೇ ಇಲ್ಲ.

ದಿನಗಳಿಗೆ ನೆಲದ ಮೇಲೆ ಐದು ಹಾಳೆ ಸಾಲಾಗಿ ಅಂಟಿಸಿ: ಅಸ್ತಿ, ಹಿಜೋ, ಆಜ, ಭೋಲಿ, ಪರ್ಸಿ. ಮೊನ್ನೆ, ನಿನ್ನೆ, ಇವತ್ತು, ನಾಳೆ, ನಾಡಿದ್ದು. ಹಿಂದಿಯ 'ಕಲ್' ನಿನ್ನೆಯೋ ನಾಳೆಯೋ ಎಂದು ತಲೆ ಕೆರೆದುಕೊಂಡವರಿಗೆ ಇದು ತವರು. ಕೂಗಿದ ಹಾಳೆಯ ಮೇಲೆ ಹಾರಿ ನಿಲ್ಲಬೇಕು, ನಿಂತು "ಭೋಲಿ ಬಸ್ ಛ?" ಎಂದು ಕೇಳಬೇಕು. ಮಂಡಿ ನೋವಿನವರು ಕೈ ತೋರಿಸಿದರೂ ಸಾಕು.

ಬೆಲೆಗೆ ಬರೋಣ. ಹನ್ನೊಂದರಿಂದ ತೊಂಬತ್ತೊಂಬತ್ತರವರೆಗೆ ಹಿಂದಿಯಲ್ಲಿ ಇರುವಂತೆಯೇ ಪ್ರತಿ ಸಂಖ್ಯೆಗೂ ಬೇರೆ ಹೆಸರು, ಅದನ್ನೆಲ್ಲ ಕಲಿಸುವುದು ಸಮಯ ದಂಡ. ಒಂದರಿಂದ ಹತ್ತು, ಆಮೇಲೆ ಹತ್ತು ಹತ್ತಾಗಿ ಬೀಸ್, ತೀಸ್, ಚಾಲೀಸ್, ಪಚಾಸ್, ಸಾಠಿ, ಸತ್ತರಿ, ಅಸಿ, ನಬ್ಬೆ, ಕೊನೆಗೆ ಸಯ (ನೂರು), ಹಜಾರ್. ಚಾರಣದ ದಾರಿಯ ಬೆಲೆಗಳು ಬಹುಪಾಲು ಹತ್ತರ ಲೆಕ್ಕದಲ್ಲೇ ಇರುತ್ತವೆ. ಸಂಖ್ಯೆಗಳ ಹೌಸಿ ಆಡಿಸಿ, ಆದರೆ ಬರೀ ಸಂಖ್ಯೆ ಕೂಗಬೇಡಿ. ಆಡುವವರು "ಕತಿ ಹೋ?" ಎಂದು ಕೇಳಿದ ಮೇಲೆಯೇ "ತೀನ್ ಸಯ ಪಚಾಸ್" ಎಂದು ಹೇಳಿ. ಎರಡನೇ ಸುತ್ತಿನಲ್ಲಿ ಹೇಳಿದ ಬೆಲೆಯನ್ನು ನಮ್ಮ ರೂಪಾಯಿಗೆ ಇಳಿಸಲಿ: 1993ರಿಂದ ಭಾರತದ 100 ರೂಪಾಯಿಗೆ ನೇಪಾಳದ 160 ಎಂಬ ದರ ಸ್ಥಿರವಾಗಿದೆ. ಚೌಕಾಸಿಗೆ "ಮಹಂಗೋ ಭಯೋ, ಅಲಿ ಮಿಲಾಉನುಸ್ ನ" (ಜಾಸ್ತಿ ಆಯ್ತು, ಸ್ವಲ್ಪ ನೋಡಿ ಮಾಡಿ). ಬೆಟ್ಟದ ಮೇಲೆ ಊಟದ ಬೆಲೆಗೆ ಇದನ್ನು ಬಳಸಬೇಡಿ ಎಂದೂ ಹೇಳಿಕೊಡಿ. ರಸ್ತೆಯಿಲ್ಲದ ಊರಿಗೆ ಅಕ್ಕಿ, ಗ್ಯಾಸ್ ಎರಡೂ ಬೆನ್ನ ಮೇಲೋ ಹೇಸರಗತ್ತೆಯ ಮೇಲೋ ಬಂದಿರುತ್ತವೆ.

ದಾಲ್-ಭಾತ್ ಆಟಕ್ಕೆ ಒಂದು ಸೌಟು, ಒಂದು ಪಾತ್ರೆ, ತಟ್ಟೆಗಳು ಮತ್ತು ಒಂದು ಹಿಡಿ ಕಡಲೆಕಾಯಿ ಸಾಕು. ಅಲ್ಲಿ ಅನ್ನ-ಬೇಳೆ ಮತ್ತೆ ಮತ್ತೆ ಬಡಿಸುವುದು ವಾಡಿಕೆ. ಬಡಿಸುವವರು "ಥಪ್ನುಸ್" (ಇನ್ನಷ್ಟು ಹಾಕಿಸಿಕೊಳ್ಳಿ) ಎನ್ನುತ್ತಾ ಸೌಟು ಚಾಚಬೇಕು. ಕೂತವರು ಸೌಟು ತಟ್ಟೆ ಮುಟ್ಟುವ ಮೊದಲು "ಪುಗ್ಯೋ" (ಸಾಕು) ಅನ್ನಬೇಕು, ಇಲ್ಲದಿದ್ದರೆ ಬಡಿಸಿದ್ದೆಲ್ಲ ತಿನ್ನಬೇಕು. ಮುಗಿದ ಮೇಲೆ "ಮಿಠೋ ಛ." ಹಿಂದಿಯವರು ಮುಗ್ಗರಿಸುವ ಇನ್ನೊಂದು ಜಾಗ ಇದು: ಮಿಠೋ ಅಂದರೆ ರುಚಿ, ಸಿಹಿಗೆ 'ಗುಲಿಯೋ' ಎನ್ನುತ್ತಾರೆ. ಸಕ್ಕರೆ ಬೇಡದವರು "ಚಿನಿ ನಹಾಲೆಕೋ ಚಿಯಾ" ಎಂದು ಕೇಳಬೇಕು. ಸಸ್ಯಾಹಾರಿಗಳ ವಾಕ್ಯ: "ಮ ಮಾಸು ಖಾನ್ನ, ಅಂಡಾ ಪನಿ ಖಾನ್ನ" (ನಾನು ಮಾಂಸ ತಿನ್ನಲ್ಲ, ಮೊಟ್ಟೆ ಕೂಡ ತಿನ್ನಲ್ಲ). ಪನಿ ಅಂದರೆ 'ಕೂಡ', ಪಾನಿ ಅಂದರೆ ನೀರು. ಇಲ್ಲಿ ಅ-ಆ ತಪ್ಪಿದರೆ ಮೊಟ್ಟೆ-ನೀರು ಎರಡೂ ತಪ್ಪಿಹೋಗುತ್ತವೆ.

ಉಚ್ಚಾರಣೆಯ ಮಾತು ಬಂದದ್ದರಿಂದ ಒಂದೆರಡು ಸಾಲು. ಇ-ಈ, ಉ-ಊ ಹ್ರಸ್ವ ದೀರ್ಘದ ಚಿಂತೆ ಬೇಡ, ನೇಪಾಳಿ ಮಾತಿನಲ್ಲಿ ಆ ವ್ಯತ್ಯಾಸ ಅರ್ಥ ಬದಲಿಸುವುದಿಲ್ಲ. ಶ, ಷ ಎರಡೂ 'ಸ' ಆಗುತ್ತವೆ. ಶನಿವಾರ ಅಲ್ಲಿ ಸನಿಬಾರ್, ವಾರದ ರಜೆಯ ದಿನವೂ ಅದೇ. ಕನ್ನಡದವರ ತೊಂದರೆ ಮಹಾಪ್ರಾಣ. ಬರೆಯುವಾಗ 'ಖಾನಾ', ಬಾಯಿಗೆ ಬಂದರೆ 'ಕಾನಾ'. ತುಟಿ ಮುಂದೆ ತೆಳುವಾದ ಕಾಗದದ ಪಟ್ಟಿ ಹಿಡಿದು ಖಾನಾ, ಛ, ಠೂಲೋ, ಫೇರಿ ಅನ್ನಿಸಿ, ಕಾಗದ ಅಲುಗಬೇಕು. 'ಫ'ವನ್ನು ಫೋನಿನ ಫ ಮಾಡಬೇಡಿ, ಅದು ಪ-ಕಾರದ ಮಹಾಪ್ರಾಣ. ಭಾತ್ ಕೊನೆಗೆ 'ಉ' ಅಂಟಿಸಿ 'ಭಾತು' ಮಾಡುವುದೂ ನಮ್ಮ ರೋಗ.

ಸಂಬೋಧನೆಗೆ ಹದಿನಾರು ಚಿತ್ರಗಳ ಕಾರ್ಡು. ನಿಮಗಿಂತ ಸ್ವಲ್ಪ ದೊಡ್ಡವರು ದಾಇ, ದಿದಿ. ಚಿಕ್ಕವರು ಭಾಇ, ಬಹಿನಿ. ತಾಯಿಯ ವಯಸ್ಸಿನವರು ಆಮಾ. ಕಾರ್ಡು ಎತ್ತಿ ಕರೆದು ಒಂದು 'ನುಸ್' ವಾಕ್ಯ ಹೇಳಬೇಕು: "ದಿದಿ, ತಾತೋ ಪಾನಿ ದಿನುಸ್" (ಅಕ್ಕಾ, ಬಿಸಿನೀರು ಕೊಡಿ). 'ನೀವು' ಎನ್ನಲು 'ತಪಾಈ' ಒಂದೇ ಸಾಕು. 'ನೀನು' ಎನ್ನುವ 'ತಿಮೀ', 'ತ' ಹೇಳಿಕೊಡಲೇಬೇಡಿ. ಅವು ಬಾಯಿ ತಪ್ಪಿ ಬರುವುದು ತಪ್ಪು ಜಾಗದಲ್ಲೇ.

ದಾರಿ ಕೇಳುವ ಆಟಕ್ಕೆ ಕುರ್ಚಿಗಳನ್ನು ಅಡ್ಡಾದಿಡ್ಡಿ ಇಟ್ಟು ಕಾಲುದಾರಿ ಮಾಡಿ. ದಾಯಾಂ (ಬಲ), ಬಾಯಾಂ (ಎಡ), ಸೀಧಾ. ಇವಕ್ಕಿಂತ ಬೆಟ್ಟದಲ್ಲಿ ಹೆಚ್ಚು ಕೇಳಿಸುವುದು ಉಕಾಲೋ (ಏರು), ಓರಾಲೋ (ಇಳಿಜಾರು). ಪ್ರಶ್ನೆಯ ರೂಪಕ್ಕೆ ವಿಶೇಷ ಗಮನ ಕೊಡಿ. ಒಂದು ದಾರಿಗೆ ಬೆರಳು ತೋರಿಸಿ "ಇದು ಘೋರೆಪಾನಿಗೆ ಹೋಗುತ್ತಾ?" ಎಂದರೆ ಮರ್ಯಾದೆಗೋ ಅವಸರಕ್ಕೋ 'ಹೌದು' ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. "ಘೋರೆಪಾನಿ ಜಾನೆ ಬಾಟೋ ಕುನ್ ಹೋ?" (ಘೋರೆಪಾನಿಗೆ ಹೋಗುವ ದಾರಿ ಯಾವುದು?) ಎಂದು ಕೇಳಿ, ಬೆರಳು ತೋರಿಸುವ ಕೆಲಸ ಅವರಿಗೆ ಬಿಡಿ. ಬಿಡುವಿದ್ದರೆ ನಕ್ಷೆ ಹರಡಿ ಊರ ಹೆಸರು ಬಿಡಿಸಿ: ತಾತೋಪಾನಿ ಬಿಸಿನೀರು, ಖೋಲಾ ಹಳ್ಳ, ಪೋಖರಿ ಕೊಳ, ಫೇದಿ ಬೆಟ್ಟದ ಬುಡ. ಥೊರೊಂಗ್ ಫೇದಿ ಎಂಬ ಹೆಸರೇ ನಾಳೆ ಏರು ಇದೆ ಎಂದು ಹೇಳುತ್ತಿರುತ್ತದೆ.

ಒಂದು ಆಟದಲ್ಲಿ ಮಾತ್ರ ನಗು ಮುಗಿದ ಮೇಲೆ ಗಂಭೀರವಾಗಿ ಐದು ಸಲ ಬಾಯಿಪಾಠ ಮಾಡಿಸಬೇಕು. ಮೂಕಾಭಿನಯ: ಒಬ್ಬರು ನಟಿಸಬೇಕು, ಉಳಿದವರು ಹೇಳಬೇಕು. ಮಲಾಈ ಭೋಕ್ ಲಾಗ್ಯೋ (ನನಗೆ ಹಸಿವಾಗಿದೆ), ತಿರ್ಖಾ ಲಾಗ್ಯೋ (ಬಾಯಾರಿಕೆ), ಜಾಡೋ ಲಾಗ್ಯೋ (ಚಳಿ). 'ನನಗೆ' ಇದ್ದಲ್ಲಿ 'ಮಲಾಈ', ಅಷ್ಟೇ. ಹಾಗೆಯೇ "ಟಾಉಕೋ ದುಖ್ಯೋ" (ತಲೆ ನೋಯ್ತಿದೆ), "ಲೇಕ್ ಲಾಗ್ಯೋ" (ಎತ್ತರದ ಕಾಯಿಲೆ ಬಡಿದಿದೆ), "ತಲ ಜಾನುಪರ್ಯೋ" (ಕೆಳಗೆ ಹೋಗಬೇಕು). ಮುಕ್ತಿನಾಥವೇ 3,700 ಮೀಟರಿಗೂ ಮೇಲಿದೆ, ಅದರಾಚೆಯ ಥೊರೊಂಗ್ ಲಾ ಎಂಬ ಕಣಿವೆದಾರಿ 5,416 ಮೀಟರ್. ಬಸ್ಸಿನಲ್ಲೋ ಜೀಪಿನಲ್ಲೋ ಒಂದೇ ದಿನದಲ್ಲಿ ಮೇಲೇರುವ ಯಾತ್ರಿಕರಿಗೂ ಈ ಮೂರು ವಾಕ್ಯ ನಾಲಿಗೆ ತುದಿಯಲ್ಲಿರಬೇಕು. ತಲೆ ಸಿಡಿಯುವಾಗ ಫೋನಿನಲ್ಲಿ ಅನುವಾದ ಹುಡುಕಲು ಆಗುವುದಿಲ್ಲ.

ಬೆಂಗಳೂರಿನಲ್ಲೇ ಅಭ್ಯಾಸ ಮಾಡಬಹುದಾ ಎಂದೂ ಕೇಳುತ್ತಾರೆ. ನೇಪಾಳಿ ಮಾತಾಡುವವರು ನಗರದಲ್ಲಿ ಧಾರಾಳವಾಗಿದ್ದಾರೆ. ಆದರೆ ಮುಖ ನೋಡಿ "ನಮಸ್ತೆ ದಾಇ" ಶುರುಮಾಡಬೇಡಿ. ಮೋಮೋ ಅಂಗಡಿಯವರು ಮಣಿಪುರದವರೋ ಅಸ್ಸಾಮಿನವರೋ ಇರಬಹುದು, ಡಾರ್ಜಿಲಿಂಗಿನವರಾದರೆ ಮಾತು ನೇಪಾಳಿ, ದೇಶ ಭಾರತವೇ. ಯಾವ ಊರು ಎಂದು ಕನ್ನಡದಲ್ಲೇ ಕೇಳಿ, ಒಪ್ಪಿದರೆ ಎರಡು ಮಾತು.

ಕೊನೆಯ ತರಗತಿಯನ್ನು ಕೇಳುವುದಕ್ಕೇ ಮೀಸಲಿಡಿ. ಚೆನ್ನಾಗಿ ಪ್ರಶ್ನೆ ಕೇಳಿದವರಿಗೆ ಚೆನ್ನಾಗಿಯೇ ಉತ್ತರ ಬರುತ್ತದೆ, ಪೂರ್ತಿ ವೇಗದಲ್ಲಿ, ಹತ್ತು ವಾಕ್ಯ. ಅಲ್ಲಿಯೇ ಹೊಸಬರು ಬೆಚ್ಚಿ ಹಿಂದಿಗೆ ಓಡುವುದು. ಅದಕ್ಕೆ ಮೂರು ಊರುಗೋಲು: ಬಿಸ್ತಾರೈ ಭನ್ನುಸ್ (ನಿಧಾನ ಹೇಳಿ), ಫೇರಿ ಭನ್ನುಸ್ (ಇನ್ನೊಮ್ಮೆ ಹೇಳಿ), ಬುಝಿನ (ಅರ್ಥ ಆಗಲಿಲ್ಲ). ಬಸ್ಸಿನ ಸಮಯ, ಟಿಕೆಟ್ ದರ, ಎಲ್ಲಿ ಇಳಿಯಬೇಕು, ಇವನ್ನು ಶಿಕ್ಷಕರು ಒಂದೇ ಉಸಿರಿನಲ್ಲಿ ಹೇಳಬೇಕು. ಕೇಳುವವರು ಮೊದಲ ಸುತ್ತಿನಲ್ಲಿ ಸಮಯ ಮಾತ್ರ ಹಿಡಿಯಬೇಕು, ಎರಡನೇ ಸುತ್ತಿನಲ್ಲಿ ದರ, ಮೂರರಲ್ಲಿ ಜಾಗ. ಸಮಯ ಹಿಡಿದವರು ಗಡಿಯಾರ ಸರಿಮಾಡಿಕೊಂಡಿದ್ದಾರಾ ಎಂದೂ ನೋಡಿ: ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದಿದೆ, "ಸಾತ್ ಬಜೆ" ಬಸ್ಸು ನಮ್ಮ ಆರೂ ಮುಕ್ಕಾಲಿಗೇ ಹೊರಟಿರುತ್ತದೆ.