ಮಾಟಗಾತಿಯರನ್ನ ನಂಬ್ತಿದ್ದ ಪಾದ್ರಿ, ಸಿಡುಬಿನ ಸೂಜಿ, ಮತ್ತೆ ಫ್ರಾಂಕ್ಲಿನ್ ಅಣ್ಣನ ಪೇಪರ್

ಅಮೆರಿಕದ ಹಿಸ್ಟರಿ ಸ್ವಲ್ಪ ಓದ್ಕೊಂಡಿರೋರ ಹತ್ರ ಒಂದು ರೆಡಿಮೇಡ್ ಕಥೆ ಇರುತ್ತೆ. ಮೊದಲು ಪ್ಯೂರಿಟನ್ನರು (ಇಂಗ್ಲೆಂಡಿನ ಕಟ್ಟಾ ಪ್ರೊಟೆಸ್ಟೆಂಟ್ ಕ್ರಿಶ್ಚಿಯನ್ನರು) ಬಂದ್ರು, ಕರಿ ಬಟ್ಟೆ ಹಾಕ್ಕೊಂಡು ನರಕ ನರಕ ಅಂತ ಹೆದರಿಸ್ಕೊಂಡು, ಹೆಂಗಸರನ್ನ ಮಾಟಗಾತಿ ಅಂತ ನೇಣಿಗೇರಿಸಿದ್ರು, ಆಮೇಲೆ ನೂರು ವರ್ಷ ಕಳೆದು ಫ್ರಾಂಕ್ಲಿನ್ನು ಜೆಫರ್ಸನ್ನು ಬಂದ್ರು, ಎನ್‌ಲೈಟನ್‌ಮೆಂಟ್ (ಎಲ್ಲವನ್ನೂ ಯುಕ್ತಿಯಿಂದ ಅಳೆದು ನೋಡೋ ಚಿಂತನೆ) ಬಂತು, ದೇಶ ಹುಟ್ತು, ಮುಗೀತು. ನಾನು ಕ್ರಿಶ್ಚಿಯನ್ ಅಲ್ಲ, ಅಮೆರಿಕನ್ನೂ ಅಲ್ಲ, ಇವರಲ್ಲಿ ಯಾರು ಗೆದ್ರೂ ನನಗೇನೂ ಸಿಗಲ್ಲ ಯಾರು ಸೋತ್ರೂ ನನ್ನ ಗಂಟೇನೂ ಹೋಗಲ್ಲ. ಬಹುಶಃ ಅದಕ್ಕೇ ಇರಬೇಕು, ಓದ್ತಾ ಹೋದ ಹಾಗೆ ಈ ಕಥೆ ಮೇಲೆ ನಂಬಿಕೆ ಕಮ್ಮಿ ಆಗ್ತಾ ಬಂತು. ಇವು ಒಂದಾದ್ಮೇಲೆ ಒಂದು ಬಂದ ಎರಡು ಕಾಲ ಅಲ್ಲ, ಒಂದೇ ಊರಲ್ಲಿ, ಎಷ್ಟೋ ಸಲ ಒಂದೇ ತಲೆಯೊಳಗೆ ಒಟ್ಟಿಗೆ ಇದ್ದ ಎರಡು ಯೋಚನೆ. ಯಾಕೆ ಹೀಗಂತೀನಿ ಅಂದ್ರೆ 1721ರ ಬಾಸ್ಟನ್ ನೋಡಿ.

ಆ ವರ್ಷ ಹಡಗಲ್ಲಿ ಬಂದ ಸಿಡುಬು ಊರಿಗೆ ಊರನ್ನೇ ಹಿಡೀತು. ಹನ್ನೊಂದು ಸಾವಿರ ಜನ ಇದ್ದ ಊರಲ್ಲಿ ಹೆಚ್ಚುಕಮ್ಮಿ ಆರು ಸಾವಿರ ಜನಕ್ಕೆ ಬಂತು, 844 ಜನ ಸತ್ರು. ಆಗ ಊರಿನ ದೊಡ್ಡ ಪಾದ್ರಿ ಕಾಟನ್ ಮ್ಯಾಥರ್. ಈ ಮನುಷ್ಯನ ಹೆಸರು ಕೇಳಿದ್ರೆ ಇವತ್ತಿಗೂ ಅಮೆರಿಕನ್ನರು ಮುಖ ಕಿವಿಚ್ತಾರೆ. ಯಾಕಂದ್ರೆ 1692ರಲ್ಲಿ ಬಾಸ್ಟನ್ ಹತ್ರದ ಸೇಲಂನಲ್ಲಿ 19 ಜನಾನ ಮಾಟಗಾರರು ಅಂತ ನೇಣಿಗೆ ಹಾಕಿದ್ರಲ್ಲ, ಅದನ್ನ ಸಮರ್ಥಿಸಿ ಮಾರನೇ ವರ್ಷ ಪುಸ್ತಕ ಬರೆದೋನು ಇವನೇ. ಆದ್ರೆ ಈಗ ಇದೇ ಮನುಷ್ಯ ಊರಿನ ಡಾಕ್ಟರುಗಳಿಗೆಲ್ಲ ಕಾಗದ ಬರೀತಾನೆ, ಸಿಡುಬಿನ ಗುಳ್ಳೆಯ ಕೀವು ತಗೊಂಡು ಆರೋಗ್ಯವಾಗಿರೋರ ಕೈಮೇಲೆ ಸಣ್ಣದಾಗಿ ಗೀರಿ ಒಳಗೆ ಹಾಕಿದ್ರೆ ಕಾಯಿಲೆ ಹಗುರವಾಗಿ ಬಂದು ಹೋಗುತ್ತೆ, ಮತ್ತೆ ಜನ್ಮದಲ್ಲಿ ಬರಲ್ಲ, ದಯವಿಟ್ಟು ಮಾಡಿ ನೋಡಿ ಅಂತ.

ಇದು ಅವನಿಗೆ ಗೊತ್ತಾಗಿದ್ದು ಹೇಗೆ ಅನ್ನೋದು ಇನ್ನೂ ಚೆನ್ನಾಗಿದೆ. 1706ರಲ್ಲಿ ಚರ್ಚಿನ ಭಕ್ತರು ದುಡ್ಡು ಹಾಕಿ ಒಬ್ಬ ಆಫ್ರಿಕನ್ ಗುಲಾಮನನ್ನ ಕೊಂಡು ಪಾದ್ರಿಗೆ ಗಿಫ್ಟ್ ಕೊಟ್ಟಿದ್ರು (ಹೌದು, ಮನುಷ್ಯನನ್ನ ಗಿಫ್ಟ್). ಮ್ಯಾಥರ್ ಅವನಿಗೆ ಬೈಬಲ್ಲಿನಿಂದ ಒನೆಸಿಮಸ್ ಅಂತ ಹೆಸರಿಟ್ಟ, ಬೈಬಲ್ಲಿನ ಒನೆಸಿಮಸ್ಸೂ ಗುಲಾಮನೇ. ನಿನಗೆ ಸಿಡುಬು ಬಂದಿತ್ತಾ ಅಂತ ಕೇಳಿದ್ರೆ ಅವನು ಹೌದೂ ಅಂದ, ಇಲ್ಲಾನೂ ಅಂದ. ಕೈಮೇಲಿನ ಕಲೆ ತೋರಿಸಿ ನಮ್ಮ ಕಡೆ ಹೀಗೆ ಮಾಡ್ತಾರೆ ಅಂತ ವಿವರಿಸಿದ. ಮ್ಯಾಥರ್ ಅಲ್ಲಿಗೆ ಬಿಡಲಿಲ್ಲ, ಊರಲ್ಲಿದ್ದ ಬೇರೆ ಆಫ್ರಿಕನ್ನರನ್ನೂ ವಿಚಾರಿಸಿದ, ಆಮೇಲೆ ಲಂಡನ್ನಿನ ರಾಯಲ್ ಸೊಸೈಟಿ ಪತ್ರಿಕೆಯಲ್ಲಿ ಟರ್ಕಿ ಕಡೆಯಿಂದ ಬಂದ ಇಂಥದ್ದೇ ವರದಿ ಓದಿ ಎರಡನ್ನೂ ತಾಳೆ ಹಾಕಿದ. ಒಬ್ಬನ ಮಾತು ಕೇಳು, ಹತ್ತು ಜನರ ಹತ್ರ ಕನ್ಫರ್ಮ್ ಮಾಡ್ಕೋ, ಪ್ರಿಂಟಲ್ಲಿರೋದರ ಜೊತೆ ಹೋಲಿಸು, ಆಮೇಲೆ ಪ್ರಯೋಗ ಮಾಡು. ಇದಕ್ಕೇ ಅಲ್ವಾ ನಾವು ವೈಜ್ಞಾನಿಕ ಮನೋಭಾವ ಅನ್ನೋದು?

ಡಾಕ್ಟರುಗಳಲ್ಲಿ ಒಬ್ಬ ಮಾತ್ರ ಒಪ್ಕೊಂಡ, ಝಾಬ್ಡೀಲ್ ಬಾಯ್ಲ್‌ಸ್ಟನ್ ಅಂತ. ಜೂನ್ 26ಕ್ಕೆ ತನ್ನ ಆರು ವರ್ಷದ ಮಗನಿಗೆ ಹಾಕಿದ, ಜೊತೆಗೆ ಮನೆಯಲ್ಲಿದ್ದ ಇಬ್ಬರು ಗುಲಾಮರಿಗೂ, ಅದರಲ್ಲಿ ಒಂದು ಪುಟ್ಟ ಮಗು. ಅವರನ್ನ ಯಾರೂ ಕೇಳಿರಲ್ಲ ಬಿಡಿ. ಕೊನೆಗೆ 240ರಷ್ಟು ಜನಕ್ಕೆ ಹಾಕಿದ, ಆರು ಜನ ಸತ್ರು. ತಾನಾಗೇ ಕಾಯಿಲೆ ಬಂದೋರಲ್ಲಿ ನೂರಕ್ಕೆ ಹದಿನಾಲ್ಕು ಜನ ಸಾಯ್ತಿದ್ರೆ ಇಲ್ಲಿ ನೂರಕ್ಕೆ ಎರಡೂವರೆ.

ಇನ್ನು ವಿರೋಧ ಮಾಡಿದ್ದು ಯಾರು? ಮೂಢಭಕ್ತರು ಅಂತ ಅಂದ್ಕೊಳ್ತೀವಿ, ಅವರೂ ಇದ್ರು. ಆದ್ರೆ ಮುಂದಾಳು ವಿಲಿಯಂ ಡಗ್ಲಸ್, ಊರಲ್ಲಿ ಸರಿಯಾಗಿ ಮೆಡಿಕಲ್ ಡಿಗ್ರಿ ಇದ್ದ ಒಬ್ಬನೇ ಡಾಕ್ಟರ್. ಅವನ ವಾದ ಪೂರ್ತಿ ಪೆದ್ದು ಅಂತ ಹೇಳೋಕಾಗಲ್ಲ, ಹಾಕಿಸ್ಕೊಂಡೋರು ಊರೆಲ್ಲಾ ಓಡಾಡಿದ್ರೆ ಕಾಯಿಲೆ ಇನ್ನೂ ಹಬ್ಬುತ್ತೆ ಅನ್ನೋ ಭಯ ನಿಜವಾದದ್ದೇ. ಆದ್ರೆ ಅದರ ಜೊತೆ ಆಫ್ರಿಕನ್ ಗುಲಾಮರ ಮಾತು ಕೇಳ್ಕೊಂಡು ವೈದ್ಯ ಮಾಡೋಕೆ ಹೊರಟಿದ್ದಾರೆ ಅಂತ ಲೇವಡಿನೂ ಮಾಡಿದ. ಅವನ ಲೇಖನ ಹಾಕೋಕೆ ಆಗಸ್ಟಲ್ಲಿ ಒಂದು ಹೊಸ ಪೇಪರ್ ಶುರುವಾಯ್ತು, ನ್ಯೂ ಇಂಗ್ಲೆಂಡ್ ಕೂರಂಟ್. ಪಾದ್ರಿಗಳನ್ನ ಗೇಲಿ ಮಾಡೋದು, ಯಾವ ದೊಡ್ಡವರಿಗೂ ಹೆದರದೆ ಬರೆಯೋದು ಅದರ ಸ್ಟೈಲು. ನಡೆಸ್ತಿದ್ದೋನು ಜೇಮ್ಸ್ ಫ್ರಾಂಕ್ಲಿನ್, ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸ್ತಿದ್ದ ಹದಿನೈದು ವರ್ಷದ ತಮ್ಮನ ಹೆಸರು ಬೆಂಜಮಿನ್. ಅಂದ್ರೆ ಮುಂದೆ ಎನ್‌ಲೈಟನ್‌ಮೆಂಟಿನ ಪೋಸ್ಟರ್ ಬಾಯ್ ಆಗೋ ಹುಡುಗ ಕೆಲಸ ಕಲಿತಿದ್ದು ಇನಾಕ್ಯುಲೇಶನ್ನಿಗೆ (ಹೀಗೆ ಕೀವು ಹಾಕೋದಕ್ಕೆ ಇದೇ ಹೆಸರು) ವಿರುದ್ಧ ಬರೀತಿದ್ದ ಪೇಪರಲ್ಲಿ! ನವೆಂಬರಲ್ಲಿ ಯಾರೋ ಮ್ಯಾಥರ್ ಮನೆ ಕಿಟಕಿಯೊಳಗೆ ಬಾಂಬೇ ಎಸೆದ್ರು, ನಾಯಿ ಅಂತ ಬೈದು, ಇದರಿಂದ ನಿನಗೆ ಇನಾಕ್ಯುಲೇಶನ್ ಮಾಡ್ತೀನಿ ಅಂತ ಚೀಟಿ ಬೇರೆ ಕಟ್ಟಿದ್ರು. ಪುಣ್ಯಕ್ಕೆ ಸಿಡೀಲಿಲ್ಲ.

ಫ್ರಾಂಕ್ಲಿನ್ ಆಮೇಲೆ ಪೂರ್ತಿ ಇನಾಕ್ಯುಲೇಶನ್ ಪರ ಆದ, ಆದ್ರೆ ಅವನ ನಾಲ್ಕು ವರ್ಷದ ಮಗ 1736ರಲ್ಲಿ ಸಿಡುಬಿಂದಾನೇ ಹೋದ, ಹಾಕಿಸಿರಲಿಲ್ಲ. ಅದಕ್ಕೆ ಎಷ್ಟು ನೊಂದ್ಕೊಂಡ ಅಂತ ಆತ್ಮಕಥೆಯಲ್ಲಿ ಬರೆದಿದ್ದಾನೆ, ಬೇರೆ ಅಪ್ಪ ಅಮ್ಮಂದಿರು ಹೀಗೆ ಮಾಡ್ಬಾರ್ದು ಅಂತಾನೇ ಬರೆದದ್ದು.

ಸರಿ, ಈ ಪ್ಯೂರಿಟನ್ನರ ನಂಬಿಕೆ ಒಳಗಿಂದ ಹೇಗಿತ್ತು? ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ಸಿದ್ದು ಅವರ ದೇವರ ನಿರ್ಣಯದ ಸಿದ್ಧಾಂತ. ಯಾರು ಸ್ವರ್ಗಕ್ಕೆ ಯಾರು ನರಕಕ್ಕೆ ಅನ್ನೋದನ್ನ ದೇವರು ಸೃಷ್ಟಿಗೆ ಮುಂಚೇನೇ ತೀರ್ಮಾನ ಮಾಡಿಬಿಟ್ಟಿದ್ದಾನೆ, ನೀವು ಏನೇ ಮಾಡಿ ಅದು ಬದಲಾಗಲ್ಲ. ನಮ್ಮ ಹಣೆಬರಹದ ಥರ ಅಂತ ಮೊದಲು ಅನ್ಸುತ್ತೆ, ಆದ್ರೆ ನಮ್ಮಲ್ಲಿ ಹಣೆಬರಹಕ್ಕೂ ಹರಕೆ ಇದೆ, ಶಾಂತಿ ಇದೆ, ತಿರುಪತಿ ಇದೆ, ಏನೂ ಇಲ್ಲ ಅಂದ್ರೆ ಮುಂದಿನ ಜನ್ಮ ಇದೆ. ಇವರಿಗೆ ಯಾವುದೂ ಇಲ್ಲ, ಇರೋದೊಂದೇ ಜನ್ಮ. ಮಾಧ್ವರ ಮನೆಯಲ್ಲಿ ಬೆಳೆದೋರಿಗೆ ಸ್ವಲ್ಪ ಪರಿಚಯದ ವಾಸನೆ ಬರಬಹುದು, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಜೀವರಲ್ಲೇ ಮೂರು ವರ್ಗ, ಅದು ಯಾವತ್ತೂ ಬದಲಾಗಲ್ಲ ಅಂತ ಆಚಾರ್ಯರು ಹೇಳಿದ್ರಲ್ಲ ಅದು. ಆದ್ರೆ ಅಲ್ಲಿ ಅದು ಆ ಜೀವದ್ದೇ ಅನಾದಿ ಸ್ವಭಾವ, ದೇವರು ಹೊಸದಾಗಿ ಹೇರಿದ್ದಲ್ಲ. ಪ್ಯೂರಿಟನ್ನರಲ್ಲಿ ಎಲ್ಲಾ ದೇವರ ಇಷ್ಟ, ಯಾಕೆ ಅಂತ ಕೇಳೋ ಹಾಗೂ ಇಲ್ಲ.

ಇಷ್ಟಾದ್ಮೇಲೆ ಜನ ಕೈಚೆಲ್ಲಿ ಕೂರಬೇಕಿತ್ತು ತಾನೇ? ಉಲ್ಟಾ ಆಯ್ತು. ನಾನು ಆರಿಸಲ್ಪಟ್ಟೋನಾ ಅಲ್ವಾ ಅಂತ ಗೊತ್ತಾಗದೆ ಒದ್ದಾಡಿ, ಅದರ ಗುರುತು ನನ್ನೊಳಗೆ ಎಲ್ಲಾದ್ರೂ ಕಾಣುತ್ತಾ ಅಂತ ಡೈರಿ ಬರೆಯೋಕೆ ಶುರು ಮಾಡಿದ್ರು, ಇವತ್ತು ಏನು ಪಾಪ ಮಾಡಿದೆ, ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಪ್ರಾರ್ಥನೆ ಮಾಡುವಾಗ ಮನಸ್ಸು ಎಲ್ಲಿಗೆ ಹೋಗಿತ್ತು, ಎಲ್ಲಾ ಶೆಟ್ಟರ ಅಂಗಡಿಯ ಲೆಕ್ಕದ ಬುಕ್ಕಿನ ಥರ ಬರೆದಿಟ್ರು. ಈಗ ಫ್ರಾಂಕ್ಲಿನ್ನನ ಫೇಮಸ್ ಚಾರ್ಟ್ ನೆನಪು ಮಾಡ್ಕೊಳ್ಳಿ. ಹದಿಮೂರು ಸದ್ಗುಣ, ವಾರದ ಏಳು ದಿನಕ್ಕೆ ಏಳು ಕಾಲಂ, ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ಸೆಲ್ಫ್ ಹೆಲ್ಪ್ ಗುರುಗಳು ಇದನ್ನ ಇವತ್ತಿಗೂ ಮಾರ್ತಾರೆ. ನನ್ನ ಕಣ್ಣಿಗೆ ಅದು ನರಕದ ಭಯ ತೆಗೆದ ಪ್ಯೂರಿಟನ್ ಡೈರಿ, ಅಷ್ಟೇ. ಹುಡುಗನಾಗಿದ್ದಾಗ ಸೈಲೆನ್ಸ್ ಡೂಗುಡ್ ಅನ್ನೋ ಹೆಂಗಸಿನ ಹೆಸರಲ್ಲಿ ಬರೆದು ಮ್ಯಾಥರ್ ಥರದೋರ ಕಾಲೆಳೀತಿದ್ದವನೇ, ಮುದುಕನಾದ್ಮೇಲೆ ಮ್ಯಾಥರ್ ಮಗನಿಗೆ ಕಾಗದ ಬರೆದು, ನಾನು ಸಮಾಜಕ್ಕೆ ಏನಾದ್ರೂ ಉಪಯೋಗ ಆಗಿದ್ರೆ ಅದರ ಕ್ರೆಡಿಟ್ ಒಳ್ಳೇದು ಮಾಡೋದರ ಬಗ್ಗೆ ನಿಮ್ಮಪ್ಪ ಬರೆದ ಪುಸ್ತಕಕ್ಕೆ ಸೇರ್ಬೇಕು ಅಂದಿದ್ದಾನೆ.

ಓದೋದರ ವಿಷ್ಯಾನೂ ಹಾಗೇ. ಬಾಸ್ಟನ್ ಇರೋ ಮ್ಯಾಸಚೂಸೆಟ್ಸಲ್ಲಿ 1647ರಲ್ಲೇ ಐವತ್ತು ಮನೆ ಇರೋ ಊರು ಮೇಷ್ಟ್ರನ್ನ ಇಡಲೇಬೇಕು ಅಂತ ಕಾನೂನು ಬಂತು. ಕಾರಣ ಏನು ಗೊತ್ತಾ, ಜನಕ್ಕೆ ಬೈಬಲ್ ಓದೋಕೆ ಬರದೇ ಇರೋ ಹಾಗೆ ಮಾಡೋದು ಸೈತಾನನ ಹಳೇ ಪ್ಲಾನ್, ಅದಕ್ಕೆ ಅಡ್ಡ ಹಾಕ್ಬೇಕು ಅಂತ! ಸೈತಾನನ ಮೇಲಿನ ಸಿಟ್ಟಿಗೆ ಸ್ಕೂಲು. ಆದ್ರೆ ಓದೋಕೆ ಕಲಿತ ಜನ ಬರೀ ಬೈಬಲ್ ಓದ್ಕೊಂಡು ಕೂರ್ತಾರಾ, ಮುಂದೆ ಅಮೆರಿಕ ಸ್ವತಂತ್ರ ಆಗ್ಬೇಕು ಅಂತ ಟಾಮ್ ಪೇಯ್ನ್ ಬರೆದದ್ದನ್ನೂ ಓದಿದ್ರು.

ಹಾರ್ವರ್ಡ್ ಯಾಕೋ ಸಡಿಲ ಆಯ್ತು ಅಂತ ಬೇಜಾರಾದ ಮ್ಯಾಥರ್, 1718ರಲ್ಲಿ ಇನ್ನೊಂದು ಕಾಲೇಜಿಗೆ ದುಡ್ಡು ಕೊಡಿ ಅಂತ ಎಲಿಹು ಯೇಲ್ ಅನ್ನೋ ಶ್ರೀಮಂತನಿಗೆ ಬರೆದ. ಈ ಯೇಲ್ ನಮ್ಮ ಪಕ್ಕದ ಮದ್ರಾಸ್ ಕೋಟೆಯಲ್ಲಿ ಕಂಪನಿ ಗವರ್ನರ್ ಆಗಿ ಜೇಬು ತುಂಬಿಸ್ಕೊಂಡು ಹೋಗಿದ್ದ ಗಿರಾಕಿ, ಅವನು ಕಳಿಸಿದ ಸಾಮಾನು ಮಾರಿ ಬಂದ ದುಡ್ಡಿಗೇ ಕಾಲೇಜಿಗೆ ಅವನ ಹೆಸರು ಬಿತ್ತು. ಆ ಶುದ್ಧ ಸಂಪ್ರದಾಯದ ಕಾಲೇಜಲ್ಲಿ ಓದಿದ ಜೊನಾಥನ್ ಎಡ್ವರ್ಡ್ಸ್ ಅನ್ನೋ ಹುಡುಗ ನ್ಯೂಟನ್, ಲಾಕ್ ಎಲ್ಲಾ ಓದ್ಕೊಂಡ, ಇಪ್ಪತ್ತನೇ ವಯಸ್ಸಲ್ಲಿ ಜೇಡಗಳು ನೂಲು ಬಿಟ್ಟು ಗಾಳಿಯಲ್ಲಿ ಹೇಗೆ ತೇಲ್ತವೆ ಅಂತ ಕೂತು ನೋಡಿ ಬರೆದ. ಅದೇ ಮನುಷ್ಯ 1741ರಲ್ಲಿ ಎನ್‌ಫೀಲ್ಡ್ ಅನ್ನೋ ಊರಲ್ಲಿ ಮಾಡಿದ ಪ್ರವಚನದಲ್ಲಿ ಜೇಡ ಮತ್ತೆ ಬರುತ್ತೆ, ಬೆಂಕಿ ಮೇಲೆ ಜೇಡ ಹಿಡಿದ ಹಾಗೆ ದೇವರು ನಿಮ್ಮನ್ನ ನರಕದ ಮೇಲೆ ಹಿಡ್ಕೊಂಡಿದ್ದಾನೆ ಅಂತ. ಕೇಳಿದ ಜನ ಕಿರುಚ್ಕೊಂಡ್ರಂತೆ. ಇಂಥ ಎಡ್ವರ್ಡ್ಸ್ ಸತ್ತಿದ್ದು ಹೇಗೆ? 1758ರಲ್ಲಿ, ಪ್ರಿನ್ಸ್‌ಟನ್ನಲ್ಲಿ, ವಿಜ್ಞಾನ ನಂಬಿ ಸಿಡುಬಿನ ಇನಾಕ್ಯುಲೇಶನ್ ಹಾಕಿಸ್ಕೊಂಡು. ಇವನನ್ನ ಯಾವ ಕಡೆ ಸೇರಿಸ್ತೀರ ಹೇಳಿ.

ಪ್ಯೂರಿಟನ್ನರ ವಕಾಲತ್ತು ವಹಿಸ್ತಿದ್ದೀನಿ ಅಂದ್ಕೋಬೇಡಿ. 1660ರಲ್ಲಿ ಮೇರಿ ಡೈಯರ್ ಅನ್ನೋ ಹೆಂಗಸನ್ನ ಕ್ವೇಕರ್ (ಬೇರೊಂದು ಕ್ರಿಶ್ಚಿಯನ್ ಪಂಗಡದೋಳು) ಆಗಿದ್ದಕ್ಕೆ, ಗಡೀಪಾರು ಮಾಡಿದ್ರೂ ವಾಪಸ್ ಬಂದಳು ಅನ್ನೋದಕ್ಕೆ ಬಾಸ್ಟನ್ನಲ್ಲಿ ನೇಣಿಗೆ ಹಾಕಿದ್ರು. ಕ್ರಿಸ್ಮಸ್ ಆಚರಿಸಿದ್ರೆ ಐದು ಶಿಲ್ಲಿಂಗ್ ದಂಡ, ಬೈಬಲ್ಲಲ್ಲಿ ಆ ಹಬ್ಬ ಇಲ್ಲವಂತೆ. ಇವರ ಜೊತೆ ಒಂದು ವಾರ ಇರೋಕೂ ನನ್ನ ಕೈಲಾಗ್ತಿರಲಿಲ್ಲ.

ಆದ್ರೆ ಸ್ಯಾಮ್ಯುಯೆಲ್ ಸೂಯಲ್ ಅಂತ ಒಬ್ಬ ಇದ್ದಾನೆ, ಸೇಲಂ ಕೇಸಿನ ಜಡ್ಜುಗಳಲ್ಲಿ ಒಬ್ಬ. 1697ರಲ್ಲಿ ಚರ್ಚಲ್ಲಿ ಎಲ್ಲರ ಮುಂದೆ ಎದ್ದು ನಿಂತ, ಆ ತಪ್ಪಿನ ಹೊಣೆ ಅವಮಾನ ಎರಡೂ ನನ್ನದು ಅಂತ ಬರೆದ ಚೀಟೀನ ಪಾದ್ರಿ ಓದಿದ್ರು. ಮೂರು ವರ್ಷ ಆದ್ಮೇಲೆ ಗುಲಾಮಗಿರಿ ಪಾಪ ಅಂತ ಪುಸ್ತಿಕೆ ಅಚ್ಚು ಹಾಕಿಸಿದ. ಈಗ ಇನ್ನೊಂದು ಕಡೆ ಜೆಫರ್ಸನ್ ನೋಡಿ, ಎಲ್ಲಾ ಮನುಷ್ಯರೂ ಸಮಾನರು ಅಂತ 1776ರಲ್ಲಿ ಬರೆದೋನು, ಬೈಬಲ್ಲಿಂದ ಪವಾಡಗಳನ್ನೆಲ್ಲ ಬ್ಲೇಡಲ್ಲಿ ಕತ್ತರಿಸಿ ಬೇಕಾದ್ದು ಮಾತ್ರ ಅಂಟಿಸಿಟ್ಕೊಂಡೋನು, ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನ ಇಟ್ಕೊಂಡಿದ್ದ. ಯುಕ್ತಿ ವಿವೇಕ ಎಲ್ಲಾ ಇತ್ತು, ಎದ್ದು ನಿಂತು ಚೀಟಿ ಓದಿಸೋ ಅಭ್ಯಾಸ ಮಾತ್ರ ಇರಲಿಲ್ಲ. ಇದು ನನ್ನ ಅಭಿಪ್ರಾಯ, ಜಗಳ ಇದ್ರೆ ಕಾಮೆಂಟಲ್ಲಿ ಬನ್ನಿ.

ಇನ್ನೊಂದು ಹೇಳಿ ನಿಲ್ಲಿಸ್ತೀನಿ. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಇರ್ಬೇಕು ಅನ್ನೋ ಜೆಫರ್ಸನ್ ಮಾತನ್ನ ಸೆಕ್ಯುಲರ್ ವಾದ ಮಾಡೋರೆಲ್ಲ ಕೋಟ್ ಮಾಡ್ತಾರೆ. ಅದು 1802ರಲ್ಲಿ ಕನೆಕ್ಟಿಕಟ್ಟಿನ ಬ್ಯಾಪ್ಟಿಸ್ಟರಿಗೆ (ಇವರದ್ದೂ ಒಂದು ಕ್ರಿಶ್ಚಿಯನ್ ಪಂಗಡ) ಬರೆದ ಕಾಗದ, ಅವರು ಅಪ್ಪಟ ದೈವಭಕ್ತರು, ಅಲ್ಲಿನ ಸರ್ಕಾರಿ ಚರ್ಚಿನ ಕಾಟ ತಡೀಲಾರದೆ ಬರೆದಿದ್ರು. ಮತ್ತೆ ಆ ಗೋಡೆ ಜೆಫರ್ಸನ್ನಿಗಿಂತ ಒಂದೂವರೆ ಶತಮಾನ ಹಿಂದೆ, 1644ರಲ್ಲೇ ರೋಜರ್ ವಿಲಿಯಮ್ಸ್ ಬರಹದಲ್ಲಿದೆ. ಅವನು ಮ್ಯಾಸಚೂಸೆಟ್ಸ್‌ನೋರು ಹೊರಗೆ ಹಾಕಿದ ಪ್ಯೂರಿಟನ್ ಪಾದ್ರಿ, 1636ರಲ್ಲಿ ಹೋಗಿ ಪ್ರಾವಿಡೆನ್ಸ್ ಅನ್ನೋ ಊರು ಕಟ್ಟಿದೋನು. ಅವನಿಗೆ ಗೋಡೆ ಬೇಕಾಗಿದ್ದು ಸರ್ಕಾರಾನ ಧರ್ಮದಿಂದ ಕಾಪಾಡೋಕೆ ಅಲ್ಲ, ಚರ್ಚಿನ ತೋಟಕ್ಕೆ ಲೋಕದ ಕಾಡು ನುಗ್ಗದೇ ಇರ್ಲಿ ಅಂತ. ಮ್ಯಾಸಚೂಸೆಟ್ಸ್ ಅಂತೂ ಚರ್ಚಿನ ತೆರಿಗೆ ಕೈಬಿಟ್ಟಿದ್ದು 1833ರಲ್ಲಿ, ಅಷ್ಟೊತ್ತಿಗೆ ಜೆಫರ್ಸನ್ ಸತ್ತು ಏಳು ವರ್ಷ ಆಗಿತ್ತು. ವಿಲಿಯಮ್ಸ್ ಬಗ್ಗೆ ಬೇರೇನೇ ಬರೀಬೇಕು, ಅಲ್ಲಿನ ಮೂಲನಿವಾಸಿ ನರಗಾನ್ಸೆಟ್ ಜನರ ಭಾಷೆ ಕಲಿತು 1643ರಲ್ಲೇ ಅದರ ಮೇಲೆ ಪುಸ್ತಕ ಬರೆದೋನು ಅವನು, ಅದನ್ನೆಲ್ಲಾ ಇಲ್ಲಿ ತುರುಕಿದ್ರೆ ನೀವು ಓದಲ್ಲ.